ಡಿಕ್ರಿ ಕೈಗೆ ಬಂತು, ದುಡ್ಡು ಬರಲಿಲ್ಲ: ಒಂದು ಅಮಲ್ಜಾರಿ ಪ್ರಕರಣದ ಅಧ್ಯಯನ

ಯಾರ ಗುರುತೂ ಸಿಗಬಾರದೆಂದು ಈ ಪ್ರಕರಣದ ಊರು, ವೃತ್ತಿ, ಮೊತ್ತಗಳನ್ನು ಬದಲಿಸಲಾಗಿದೆ. ಹೆಜ್ಜೆಗಳ ಕ್ರಮ, ಕಾನೂನಿನ ಅಂಶ, ಲೆಕ್ಕ ಹಾಕಿದ ರೀತಿ ಇದ್ದಂತೆಯೇ ಇವೆ. ಡಿಕ್ರಿ ಎಂದರೆ ದಾವೆಯ ಕೊನೆಗೆ ಕೋರ್ಟು ಕೊಡುವ ಆಜ್ಞೆ, ಅಮಲ್ಜಾರಿ ಎಂದರೆ ಅದನ್ನು ಜಾರಿ ಮಾಡಿಸುವುದು. ದಾವೆ ಗೆಲ್ಲುವುದು ಹೇಗೆಂಬುದು ಇಲ್ಲಿನ ವಿಷಯವಲ್ಲ. ಗೆದ್ದ ಮೇಲೆ ಯಾವ ಅರ್ಜಿ ಮೊದಲು, ಯಾವುದು ಆಮೇಲೆ ಎಂಬ ಒಂದೇ ತೀರ್ಮಾನದಿಂದ ವಸೂಲಿಯ ದಾರಿ ಹೇಗೆ ಬದಲಾಯಿತು ಎಂಬುದು ವಿಷಯ.

ಹಿನ್ನೆಲೆ

ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಗ್ರಾಚ್ಯುಟಿ ಹಣದಲ್ಲಿ ₹7,00,000 ಅನ್ನು ಪರಿಚಯದ ಹಾರ್ಡ್‌ವೇರ್ ವ್ಯಾಪಾರಿಗೆ ಕೈಸಾಲವಾಗಿ ಕೊಟ್ಟಿದ್ದರು. ಹಣವನ್ನು ಬ್ಯಾಂಕ್ ಮೂಲಕವೇ ಕಳಿಸಿದ್ದರು, ಆನ್‌ ಡಿಮ್ಯಾಂಡ್ ಪ್ರೊನೋಟನ್ನೂ, ಅಂದರೆ ಕೇಳಿದಾಗ ಹಣ ಕೊಡುತ್ತೇನೆಂಬ ಪತ್ರವನ್ನೂ, ಬರೆಸಿಕೊಂಡಿದ್ದರು. ಕೆಲವು ತಿಂಗಳು ಯುಪಿಐ ಮೂಲಕ ಬಡ್ಡಿ ಬಂತು, ಆಮೇಲೆ ನಿಂತಿತು. ಮೂರು ವರ್ಷದ ಕಾಲಮಿತಿ ಮುಗಿಯುವ ಮುನ್ನ ದಾವೆ ಹಾಕಿದರು. ಎರಡೂವರೆ ವರ್ಷದ ನಂತರ ಡಿಕ್ರಿ ಆಯಿತು: ಅಸಲು ₹7,00,000, ದಾವೆಯ ದಿನದಿಂದ ವಸೂಲಾಗುವವರೆಗೆ ವರ್ಷಕ್ಕೆ ಶೇ 6 ಬಡ್ಡಿ, ಖರ್ಚು ₹62,000.

ಸಿವಿಲ್ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಪಿಸಿಯ, ಕಲಂ 34ರ ಪ್ರಕಾರ ಡಿಕ್ರಿಯ ನಂತರದ ಬಡ್ಡಿ ಸಾಮಾನ್ಯವಾಗಿ ಶೇ 6 ಮೀರುವಂತಿಲ್ಲ. ವಾಣಿಜ್ಯ ವ್ಯವಹಾರದ ಸಾಲಕ್ಕೆ ಮಾತ್ರ ಅದಕ್ಕಿಂತ ಹೆಚ್ಚು ಕೊಡಿಸಬಹುದು. ಬಡ್ಡಿ ಓಡುವುದು ಅಸಲಿನ ಮೇಲೆ ಮಾತ್ರ. ಇಲ್ಲಿ ಅದು ತಿಂಗಳಿಗೆ ₹3,500. ಡಿಕ್ರಿಯ ದಿನಕ್ಕೆ 30 ತಿಂಗಳ ಬಡ್ಡಿ ₹1,05,000 ಸೇರಿ ಒಟ್ಟು ಬಾಕಿ ₹8,67,000 ಆಗಿತ್ತು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಚಿಕ್ಕ ಕೆಲಸ. ಮುಂದೆ ಪ್ರತಿ ಹಂತದಲ್ಲೂ ಇದೇ ಹಾಳೆ ಬೇಕಾಯಿತು.

ಋಣಿ, ಅಂದರೆ ಡಿಕ್ರಿಯಂತೆ ಹಣ ಕಟ್ಟಬೇಕಾದ ವ್ಯಾಪಾರಿ, ಮೇಲ್ಮನವಿ ಹಾಕುತ್ತೇನೆಂದು ಹೇಳಿಕೊಂಡು ತಿರುಗಿದರು, ಹಾಕಲಿಲ್ಲ. ಹಾಕಿದ್ದರೂ ಅಷ್ಟರಿಂದಲೇ ಡಿಕ್ರಿ ನಿಲ್ಲುತ್ತಿರಲಿಲ್ಲ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು, ಅದಕ್ಕೆ ಭದ್ರತೆಯನ್ನೂ ಕೊಡಬೇಕು. ಇದು ಗೊತ್ತಿಲ್ಲದೆ "ಅಪೀಲು ಆಗಲಿ, ನೋಡೋಣ" ಎಂದು ಕಾಯುವ ಡಿಕ್ರಿದಾರರು ಬಹಳ ಮಂದಿ. ಈ ಶಿಕ್ಷಕಿಯೂ ಎಂಟು ತಿಂಗಳು ಕಾದರು. ಕೋರ್ಟೇ ಹಣ ವಸೂಲು ಮಾಡಿ ಕಳಿಸುತ್ತದೆ ಎಂದು ಅವರು ನಂಬಿದ್ದರು. ಕೋರ್ಟು ತಾನಾಗಿ ಏನನ್ನೂ ಮಾಡುವುದಿಲ್ಲ. ಡಿಕ್ರಿದಾರರು ಅಮಲ್ಜಾರಿ ಅರ್ಜಿ ಹಾಕಿ, ಯಾವ ಆಸ್ತಿಯ ಮೇಲೆ ಯಾವ ಕ್ರಮ ಬೇಕೆಂದು ತಾವೇ ತೋರಿಸಬೇಕು.

ಮೊದಲ ಅರ್ಜಿ: ಬಂಧನ

ಎಂಟನೆಯ ತಿಂಗಳಲ್ಲಿ ಹಾಕಿದ ಮೊದಲ ಅಮಲ್ಜಾರಿ ಅರ್ಜಿಯಲ್ಲಿ ಕೇಳಿದ್ದು ಒಂದೇ, ಋಣಿಯನ್ನು ಬಂಧಿಸಿ ಸಿವಿಲ್ ಜೈಲಿಗೆ ಕಳಿಸಬೇಕೆಂದು. "ಜೈಲು ಅಂದರೆ ಹೆದರಿ ಕಟ್ತಾನೆ" ಎಂಬ ಲೆಕ್ಕಾಚಾರ. ಇದು ತೀರಾ ಸಾಮಾನ್ಯವಾದ ಆಯ್ಕೆ. ಆಸ್ತಿಯ ವಿವರ ಕೈಯಲ್ಲಿ ಇಲ್ಲದಿರುವಾಗ ಅದು ತೀರಾ ದುರ್ಬಲವಾದ ಆಯ್ಕೆಯೂ ಹೌದು.

ಅಮಲ್ಜಾರಿಯ ನಿಯಮಗಳಿರುವುದು ಸಿಪಿಸಿಯ ಆದೇಶ 21ರಲ್ಲಿ, ಮುಂದೆ ಬರೀ ನಿಯಮ ಎಂದರೆ ಅದರದ್ದೇ. ಹಣದ ಡಿಕ್ರಿಗೆ ಬಂಧನ ಕೇಳಿದರೆ ನಿಯಮ 37ರಂತೆ ಸಾಮಾನ್ಯವಾಗಿ ಮೊದಲು ಕಾರಣ ಕೇಳುವ ನೋಟಿಸ್ ಹೋಗುತ್ತದೆ. ಋಣಿ ಹಾಜರಾಗಿ "ನನ್ನ ಬಳಿ ಏನೂ ಇಲ್ಲ" ಎಂದರೆ, ಅವರಿಗೆ ಕಟ್ಟುವ ಶಕ್ತಿ ಇದೆ ಅಥವಾ ಆಸ್ತಿಯನ್ನು ಕುಟಿಲವಾಗಿ ಸಾಗಿಸಿದ್ದಾರೆ ಎಂದು ಡಿಕ್ರಿದಾರರು ತೋರಿಸಬೇಕಾಗುತ್ತದೆ. ಕಲಂ 51ರ ಪರಂತುಕ, ಅಂದರೆ ಅದಕ್ಕೆ ಸೇರಿಸಿದ ಷರತ್ತು, ಹೇಳುವುದು ಇದನ್ನೇ. ಬರೀ ಬಡತನದ ಕಾರಣಕ್ಕೆ ಸಾಲಗಾರನನ್ನು ಜೈಲಿಗೆ ಕಳಿಸಲಾಗದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹೆಂಗಸರನ್ನಂತೂ ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ.

ಇಲ್ಲಿ ನಡೆದದ್ದೂ ಅದೇ. ಋಣಿ ಮೂರು ತಾರೀಖು ಕಳೆದು ಹಾಜರಾಗಿ, ಅಂಗಡಿ ಮುಚ್ಚಿದೆ, ಆದಾಯವಿಲ್ಲ ಎಂದು ತಕರಾರು ಸಲ್ಲಿಸಿದರು. ಎದುರು ಇಡಲು ಡಿಕ್ರಿದಾರರ ಬಳಿ ಒಂದು ಕಾಗದವೂ ಇರಲಿಲ್ಲ. ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ನಷ್ಟವಾದದ್ದು ಕಾಲ ಮಾತ್ರವಲ್ಲ. ನೋಟಿಸು ತಲುಪಿದ ಮೇಲೆ ಅಂಗಡಿಯ ವ್ಯವಹಾರ ಋಣಿಯ ಭಾವಮೈದುನನ ಹೆಸರಿಗೆ ಹೋಯಿತು. ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಮಾಡಬಹುದಾದ ಹುಡುಕಾಟದಲ್ಲಿ ಇದು ಕಂಡಿತು. ಹಳೆಯ ನೋಂದಣಿ ರದ್ದಾಗಿತ್ತು, ಅದೇ ವಿಳಾಸಕ್ಕೆ ಬೇರೆ ಹೆಸರಲ್ಲಿ ಹೊಸ ನೋಂದಣಿ ಚಾಲ್ತಿಯಲ್ಲಿತ್ತು. ಅಂಗಡಿಯ ಸರಕು ಜಪ್ತಿ ಮಾಡುವ ದಾರಿ ಅಲ್ಲಿಗೆ ಹೆಚ್ಚುಕಡಿಮೆ ಮುಚ್ಚಿತು. ಜಪ್ತಿಗೆ ಹೋದರೆ ಮೂರನೆಯವರು ನಿಯಮ 58ರಡಿ "ಸರಕು ನನ್ನದು" ಎಂದು ಬರುತ್ತಾರೆ, ಸರಕು ಕಾಯುವ ಖರ್ಚು ಡಿಕ್ರಿದಾರರ ಮೇಲೆ ಬೀಳುತ್ತದೆ.

ಆಸ್ತಿ ಹುಡುಕಿದ್ದು ಹೇಗೆ

ತಿರುವು ಬಂದದ್ದು ಮತ್ತೊಂದು ಅರ್ಜಿಯಿಂದಲ್ಲ, ಅರ್ಜಿ ಹಾಕದೆ ಕೆಲವು ವಾರ ಕಾಗದ ಹುಡುಕಿದ್ದರಿಂದ. ಹುಡುಕಾಟ ಶುರುವಾದದ್ದು ದಾವೆಯ ಕಡತದಲ್ಲೇ. ಶಿಕ್ಷಕಿಯ ಪಾಸ್‌ಬುಕ್ಕಿನಲ್ಲಿ ಸಾಲದ ಹಣ ಹೋದ ಖಾತೆಯ ವಿವರ ಇತ್ತು. ಬಡ್ಡಿ ಬಂದಿದ್ದು ಮಾತ್ರ ಬೇರೆ ಬ್ಯಾಂಕಿನ ಖಾತೆಯಿಂದ. ಅಂದರೆ ಎರಡು ಖಾತೆಗಳು, ಎರಡನೆಯದು ಋಣಿಯ ದಿನನಿತ್ಯದ ಖಾತೆ. ಈ ವಿವರ ಮೂರು ವರ್ಷದಿಂದ ಕೋರ್ಟಿನ ಕಡತದಲ್ಲೇ ಇತ್ತು, ಯಾರೂ ಆ ದೃಷ್ಟಿಯಿಂದ ನೋಡಿರಲಿಲ್ಲ.

ಪ್ರೊನೋಟಿನಲ್ಲಿದ್ದ ವಿಳಾಸದಿಂದ ಆಸ್ತಿ ತೆರಿಗೆಯ ಗುರುತಿನ ಸಂಖ್ಯೆ, ಅದರಿಂದ ಆಸ್ತಿಯ ಖಾತೆ (ಯಾರ ಹೆಸರಲ್ಲಿದೆ ಎಂಬ ದಾಖಲೆ), ಆ ಖಾತೆಯಿಂದ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ಹೀಗೆ ಒಂದರಿಂದ ಒಂದು ಸಿಕ್ಕಿತು. ಇ.ಸಿ.ಯನ್ನು ಹತ್ತು ಹದಿನೈದು ವರ್ಷದ ಅವಧಿಗೆ ತೆಗೆಸಿದ್ದು ಒಳ್ಳೆಯದಾಯಿತು. ಅದರಲ್ಲಿ ಮೂರು ಸಂಗತಿ ಕಂಡವು. ಪೇಟೆಯಲ್ಲಿ ಋಣಿಯ ಹೆಸರಲ್ಲೇ ಒಂದು ಮಳಿಗೆ ಇತ್ತು. ಅದರ ಮೇಲೆ ಸಹಕಾರಿ ಬ್ಯಾಂಕೊಂದರ ಅಡಮಾನ ಇತ್ತು. ಬೇರೊಂದು ನಿವೇಶನವನ್ನು ದಾವೆಯ ಸಮನ್ಸ್ ಜಾರಿಯಾದ ನಂತರ ಹೆಂಡತಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಮಳಿಗೆಯಲ್ಲಿ ಔಷಧಿ ಅಂಗಡಿಯವರು ಬಾಡಿಗೆಗಿದ್ದರು.

ಭೂಮಿ ಜಾಲತಾಣದ ಪಹಣಿಯಲ್ಲಿ ಪಕ್ಕದ ತಾಲ್ಲೂಕಿನ ಜಮೀನೂ ಸಿಕ್ಕಿತು, ಆದರೆ ಅದು ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿ. ಅದನ್ನು ಬಿಡಲು ತೀರ್ಮಾನಿಸಿದರು, ಅದಕ್ಕೆ ಗಟ್ಟಿ ಕಾರಣವೂ ಇತ್ತು. ಭಾಗವಾಗದ ಆಸ್ತಿಯಲ್ಲಿ ಋಣಿಯ ಪಾಲನ್ನಷ್ಟೇ ಹರಾಜಿಗೆ ಇಡಬಹುದು, ಕೊಂಡವರು ಮತ್ತೆ ಭಾಗದ ದಾವೆ ಹಾಕಬೇಕು, ಹಾಗಾಗಿ ಬೆಲೆ ಬರುವುದಿಲ್ಲ. ಜೊತೆಗೆ ಆ ಜಮೀನು ಡಿಕ್ರಿ ಕೊಟ್ಟ ಕೋರ್ಟಿನ ಸರಹದ್ದಿನಾಚೆ ಇತ್ತು. ಕಲಂ 39(4)ರಿಂದಾಗಿ ಸರಹದ್ದಿನ ಹೊರಗಿನ ಆಸ್ತಿಯ ಮೇಲೆ ಆ ಕೋರ್ಟು ಕ್ರಮ ಜರುಗಿಸುವಂತಿಲ್ಲ. ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗ ಮಾಡಿಸಿ, ವಸೂಲಾಗದ ಮೊತ್ತದ ಪ್ರಮಾಣಪತ್ರ ಕಳಿಸಿ, ಹೊಸದಾಗಿ ಶುರು ಮಾಡಬೇಕಿತ್ತು.

ಎರಡನೆಯ ಅರ್ಜಿ

ಡಿಕ್ರಿಯ ನಂತರದ ಇಪ್ಪತ್ತನೆಯ ತಿಂಗಳಲ್ಲಿ ಎರಡನೆಯ ಅರ್ಜಿ ಸಲ್ಲಿಕೆಯಾಯಿತು. ಬಾಕಿ ಆಗ ₹9,37,000. ಡಿಕ್ರಿ ಅಮಲ್ಜಾರಿಗೆ 12 ವರ್ಷ ಕಾಲಾವಕಾಶ ಇದೆ ಎಂದು ನಿಶ್ಚಿಂತೆಯಿಂದ ಇರುವವರು ನಿಯಮ 22ನ್ನು ಮರೆಯುತ್ತಾರೆ. ಡಿಕ್ರಿಯಾಗಿ ಎರಡು ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ, ಹಿಂದಿನ ಅಮಲ್ಜಾರಿಯಲ್ಲಿ ಇತ್ತೀಚಿನ ಆದೇಶವೇನೂ ಇಲ್ಲದಿದ್ದಲ್ಲಿ, ಋಣಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ದಿನವೇ ಬ್ಯಾಂಕ್ ಖಾತೆ ಖಾಲಿಯಾಗುತ್ತದೆ. ಎರಡು ವರ್ಷದೊಳಗೆ ಹಾಕಿದ್ದರಿಂದ ಜಪ್ತಿಗೆ ಆ ತೊಡಕು ಬರಲಿಲ್ಲ. ಬಂಧನದ ಮಾತನ್ನೇ ಅರ್ಜಿಯಲ್ಲಿ ಎತ್ತಲಿಲ್ಲ. ಸದ್ದಿಲ್ಲದೆ ಹಿಡಿಯಬಹುದಾದದ್ದನ್ನು ಮೊದಲು ಹಿಡಿಯುವುದು, ಋಣಿಗೆ ತಿಳಿಸಲೇಬೇಕಾದ ಕ್ರಮಗಳನ್ನು ಆಮೇಲೆ ಇಡುವುದು ಎಂದು ನಿಶ್ಚಯವಾಗಿತ್ತು.

ಮೊದಲು ಎರಡೂ ಬ್ಯಾಂಕಿಗೆ ನಿಯಮ 46ರಡಿ ನಿಷೇಧಾಜ್ಞೆ, ಹಿಂದೆಯೇ 46ಎ ಅಡಿ ಗಾರ್ನಿಷಿ ನೋಟಿಸ್. ಋಣಿಗೆ ಮೂರನೆಯವರು ಕೊಡಬೇಕಾದ ಹಣವನ್ನು ನೇರ ಕೋರ್ಟಿಗೆ ಕಟ್ಟಿಸುವ ದಾರಿ ಇದು. ಖಾತೆ ಸಂಖ್ಯೆ, ಶಾಖೆ, ಋಣಿಯ ಪೂರ್ಣ ಹೆಸರು ನಮೂದಿಸಿದ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಜೊತೆಗಿತ್ತು. ಮೊದಲ ಬ್ಯಾಂಕಿನಿಂದ ಬಂದ ಉತ್ತರ ನಿರಾಸೆಯದು: ಅದು ಓವರ್‌ಡ್ರಾಫ್ಟ್ ಖಾತೆ, ಋಣಿಯೇ ಬ್ಯಾಂಕಿಗೆ ಬಾಕಿ. ಬ್ಯಾಂಕು ಋಣಿಗೆ ಏನೂ ಕೊಡಬೇಕಿಲ್ಲದಿದ್ದರೆ ಹಿಡಿಯಲು ಸಾಲವೇ ಇರುವುದಿಲ್ಲ. ಬಡ್ಡಿ ಬರುತ್ತಿದ್ದ ಎರಡನೆಯ ಖಾತೆಯಲ್ಲಿ ₹2,36,000 ಸಿಕ್ಕಿತು. ತಕರಾರೆಲ್ಲ ಮುಗಿದು ಅದು ಕೋರ್ಟಿಗೆ ಬಂದಾಗ ಇಪ್ಪತ್ತಾರನೆಯ ತಿಂಗಳು.

ಋಣಿಯ ವಕೀಲರು ಆಗ ಎರಡು ಮಾತು ಹೇಳಿದರು. ಒಂದು, ಡಿಕ್ರಿಯಾದ ಮೇಲೆ ಶಿಕ್ಷಕಿಯ ಮನೆಯವರಿಗೆ ₹2,00,000 ನಗದು ಕೊಟ್ಟಿದೆ ಎಂದು. ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ನಿಯಮ 2ರಂತೆ ಕೋರ್ಟಿನಲ್ಲಿ ದಾಖಲಿಸಬೇಕು. ಋಣಿ ಅದಕ್ಕೆ ಅರ್ಜಿ ಹಾಕಲು ಇರುವ ಅವಧಿ 30 ದಿನ. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೇ ತೆಗೆದುಕೊಳ್ಳುವಂತಿಲ್ಲ. ರಸೀದಿಯೂ ಇರಲಿಲ್ಲ, ಮಾತು ಬಿದ್ದುಹೋಯಿತು.

ಎರಡು, ಬ್ಯಾಂಕಿನಿಂದ ಬಂದ ₹2,36,000 ಅನ್ನು ಅಸಲಿನಲ್ಲಿ ಕಳೆದು, ಇನ್ನು ₹4,64,000 ಮೇಲೆ ಮಾತ್ರ ಬಡ್ಡಿ ಹಾಕಬೇಕು ಎಂದು. ಇಲ್ಲಿ ಮೊದಲೇ ಬರೆದಿಟ್ಟ ಲೆಕ್ಕದ ಹಾಳೆ ಕೆಲಸಕ್ಕೆ ಬಂತು. ಡಿಕ್ರಿ ಬೇರೆ ರೀತಿ ಹೇಳದಿದ್ದರೆ, ಬಂದ ಹಣವನ್ನು ಡಿಕ್ರಿದಾರರು ಮೊದಲು ಬಡ್ಡಿಗೆ, ಆಮೇಲೆ ಖರ್ಚಿಗೆ, ಕೊನೆಗೆ ಅಸಲಿಗೆ ಜಮೆ ಮಾಡಿಕೊಳ್ಳಬಹುದು. ಆ ದಿನಕ್ಕೆ ಬಡ್ಡಿಯೇ ₹1,96,000 ಆಗಿತ್ತು. ಉಳಿದ ₹40,000 ಖರ್ಚಿಗೆ ಹೋಯಿತು. ಖರ್ಚಿನಲ್ಲಿ ₹22,000 ಉಳಿಯಿತು, ಅಸಲು ಏಳು ಲಕ್ಷ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಹಣ ಜಮೆಯಾದ ಕೂಡಲೇ ಈ ಲೆಕ್ಕದ ಮೆಮೊ ಸಲ್ಲಿಸಿದ್ದರಿಂದ ವಾದ ಬೆಳೆಯಲಿಲ್ಲ.

ಮಳಿಗೆಯ ಜಪ್ತಿ

ಬಾಡಿಗೆಯನ್ನೂ ಹಿಡಿಯಬಹುದಲ್ಲ ಎಂಬ ಪ್ರಶ್ನೆ ಬಂತು. ಆಗಲೇ ಬಾಕಿ ಬಿದ್ದ ಬಾಡಿಗೆಯನ್ನು ಗಾರ್ನಿಷಿ ಕ್ರಮದಲ್ಲಿ ಹಿಡಿಯಬಹುದು, ಇನ್ನೂ ಬಾಕಿಯೇ ಆಗದ ಮುಂದಿನ ತಿಂಗಳುಗಳ ಬಾಡಿಗೆ ಸಾಲವಾಗುವುದಿಲ್ಲ. ಅದು ಬೇಕಿದ್ದರೆ ಕಲಂ 51ರಡಿ ರಿಸೀವರ್, ಅಂದರೆ ಕೋರ್ಟಿನ ಪರವಾಗಿ ಬಾಡಿಗೆ ವಸೂಲು ಮಾಡುವವರ, ನೇಮಕ ಕೇಳಬೇಕು. ಔಷಧಿ ಅಂಗಡಿಯವರು ತಿಂಗಳು ತಿಂಗಳು ತಪ್ಪದೆ ಕಟ್ಟುತ್ತಿದ್ದರು, ಬಾಕಿ ಇರಲಿಲ್ಲ. ರಿಸೀವರ್ ವೆಚ್ಚ ಕಳೆದರೆ ಕೈಗೆ ಹತ್ತುವುದು ಕಡಿಮೆ. ಹಾಗಾಗಿ ಮಳಿಗೆಯನ್ನೇ ನಿಯಮ 54ರಡಿ ಜಪ್ತಿಗೆ ಕೇಳಿದರು.

ಮೊದಲ ಸಲ ಜಪ್ತಿ ವಾರಂಟು ಜಾರಿಯಾಗದೆ ವಾಪಸ್ ಬಂತು. ವಾರಂಟು ಜಾರಿ ಮಾಡುವ ಕೋರ್ಟಿನ ಸಿಬ್ಬಂದಿ, ಅಂದರೆ ಅಮೀನರು, ಸ್ಥಳಕ್ಕೆ ಹೋಗಿ ಷೆಡ್ಯೂಲು (ಅರ್ಜಿಯಲ್ಲಿನ ಆಸ್ತಿ ವಿವರ) ಹಿಡಿದು ನೋಡಿದರೆ ಪೂರ್ವಕ್ಕೆ "ಖಾಲಿ ನಿವೇಶನ" ಎಂದಿದೆ, ಎದುರಿಗೆ ನಿಂತಿರುವುದು ಎರಡಂತಸ್ತಿನ ಕಟ್ಟಡ. ಉತ್ತರಕ್ಕೆ ರಸ್ತೆ ಎಂದಿದೆ, ರಸ್ತೆ ಇರುವುದು ದಕ್ಷಿಣಕ್ಕೆ. ಅರ್ಜಿಯ ಷೆಡ್ಯೂಲನ್ನು ಹಳೆಯ ತೆರಿಗೆ ರಸೀದಿ ನೋಡಿ ಬರೆದಿದ್ದರು. "ಚಕ್ಕುಬಂದಿ ತಾಳೆಯಾಗಿಲ್ಲ" ಎಂಬ ಷರಾದೊಂದಿಗೆ ವಾರಂಟು ಮರಳಿತು. ಅಮೀನರದು ಸರಿಯಾದ ಕೆಲಸವೇ. ತಪ್ಪು ಚಕ್ಕುಬಂದಿಯ ಮೇಲೆ ಜಪ್ತಿ ಮಾಡಿದ್ದರೆ ಮುಂದೆ ಹರಾಜೇ ಬಿದ್ದುಹೋಗುವ ಅಪಾಯವಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮಳಿಗೆಯ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿ, ಸ್ಥಳವನ್ನು ಕಣ್ಣಾರೆ ನೋಡಿ, ಖಾತೆ ಸಂಖ್ಯೆ, ಅಳತೆ, ಈಗಿನ ಅಕ್ಕಪಕ್ಕದವರ ವಿವರ ಸೇರಿಸಿ ಷೆಡ್ಯೂಲು ತಿದ್ದುಪಡಿ ಮಾಡಿಸಿ, ಹೊಸದಾಗಿ ಪ್ರೋಸೆಸ್ ಶುಲ್ಕ ಕಟ್ಟಿದರು.

ಎರಡನೆಯ ಸಲ ಜಪ್ತಿ ಕ್ರಮಬದ್ಧವಾಗಿ ಆಯಿತು. ಆಜ್ಞೆಯ ಪ್ರತಿ ಮಳಿಗೆಯ ಷಟರಿನ ಪಕ್ಕದ ಗೋಡೆಗೆ, ಕೋರ್ಟಿನ ಫಲಕಕ್ಕೆ ಅಂಟಿತು. ತಮಟೆ ಸಾರಿಸಿ, ಪಂಚರ ಸಹಿ ಹಾಕಿಸಿ ಮಹಜರು ಬರೆದರು. ಪೇಟೆಯ ನಡುವೆ ತಮಟೆ ಬಾರಿಸಿ ಹೆಸರು ಓದಿದ್ದು ಋಣಿಯ ಮೇಲೆ ಜೈಲಿನ ನೋಟಿಸಿಗಿಂತ ಹೆಚ್ಚು ಪರಿಣಾಮ ಮಾಡಿತು ಎಂಬುದು ಮುಂದಿನ ನಡವಳಿಕೆಯಲ್ಲಿ ಕಂಡಿತು. ಜಪ್ತಿಯ ನಂತರ ಖಾಸಗಿಯಾಗಿ ಮಾರಿದರೆ ಕಲಂ 64ರ ಪ್ರಕಾರ ಆ ಮಾರಾಟ ಜಪ್ತಿಯ ಹಕ್ಕಿನ ಎದುರು ನಿಲ್ಲುವುದಿಲ್ಲ. ಜಪ್ತಿಗೆ ಮುಂಚೆ ನೋಂದಣಿಯಾದ ಕರಾರಿಗೆ ಮಾತ್ರ ರಿಯಾಯಿತಿ ಇದೆ. ಹಾಗಿದ್ದರೂ ಕೊಳ್ಳುವವರಿಗೆ ತಿಳಿಯಲೆಂದು ಆಜ್ಞೆಯ ಪ್ರತಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೂ ಖಾತೆ ಇರುವ ಕಚೇರಿಗೂ ಅರ್ಜಿಯೊಂದಿಗೆ ಕೊಟ್ಟು ಸ್ವೀಕೃತಿ ಪಡೆದರು.

ಜಪ್ತಿಯ ಜೊತೆಗೇ ನಿಯಮ 41(2)ರಡಿ ಋಣಿಯಿಂದ ಆಸ್ತಿ ವಿವರದ ಪ್ರಮಾಣಪತ್ರ (ಅಫಿಡವಿಟ್) ಕೇಳಲಾಗಿತ್ತು. ಹಣದ ಡಿಕ್ರಿ 30 ದಿನ ಕಳೆದರೂ ತೀರದಿದ್ದರೆ ಇದನ್ನು ಕೇಳಬಹುದು. ನಮೂನೆ 16ಎ ಅಂತ ಅದಕ್ಕೇ ಇದೆ. ಆದೇಶ ಪಾಲಿಸದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಲು ಅವಕಾಶವಿದೆ. ಮೊದಲ ಅರ್ಜಿಯಲ್ಲಿ ಸಾಕ್ಷ್ಯವಿಲ್ಲದೆ ಕೇಳಿದ ಜೈಲು ಈಗ ಬೇರೆ ಬಾಗಿಲಿನಿಂದ ಎದುರಾಯಿತು. ಋಣಿ ಕೊಟ್ಟ ಪ್ರಮಾಣಪತ್ರದಲ್ಲಿ ಮಳಿಗೆ ಇತ್ತು, ದಾನ ಕೊಟ್ಟ ನಿವೇಶನದ ಸುದ್ದಿಯೇ ಇರಲಿಲ್ಲ. ಡಿಕ್ರಿದಾರರು ಇ.ಸಿ. ಹಾಜರುಪಡಿಸಿದರು.

ಆ ದಾನಪತ್ರದ ಬಗ್ಗೆ ಏನು ಮಾಡಬೇಕೆಂಬುದು ಯೋಚಿಸಿ ಮಾಡಿದ ತೀರ್ಮಾನ. ಸಾಲಗಾರರಿಗೆ ಹಣ ಸಿಗದಂತೆ ಮಾಡಲು ಕೊಟ್ಟ ಆಸ್ತಿಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 53ರಡಿ ಪ್ರಶ್ನಿಸಬಹುದು. ಸಮನ್ಸ್ ಬಂದ ಮೇಲೆ, ಹಣ ಪಡೆಯದೆ, ಹೆಂಡತಿಗೇ ಕೊಟ್ಟದ್ದೆಂದರೆ ಅನುಮಾನಕ್ಕೆ ಬಲವಾದ ಆಧಾರ. ಆದರೆ ಅದನ್ನು ಹಿಡಿದರೆ ಹೆಂಡತಿಯ ತಕರಾರು, ಸಾಕ್ಷಿ ವಿಚಾರಣೆ, ಮೇಲ್ಮನವಿ ಎಂದು ವರ್ಷಗಳು ಹೋಗುತ್ತವೆ. ಮಳಿಗೆಯ ಅಂದಾಜು ಬೆಲೆ ₹26 ಲಕ್ಷ, ಅಡಮಾನದ ಬಾಕಿ ₹3,10,000. ಅಡಮಾನ ಕಳೆದರೂ ಡಿಕ್ರಿಗೆ ಸಾಕು. ನಿವೇಶನವನ್ನು ಹಿಡಿಯದೆ ಬಿಟ್ಟರು, ಬಿಟ್ಟಿದ್ದೇವೆ ಎಂದು ಮಾತ್ರ ಎಲ್ಲೂ ಬರೆದುಕೊಡಲಿಲ್ಲ.

ಕಂತಿನ ಪ್ರಸ್ತಾಪ

ನಿಯಮ 66ರಡಿ ಹರಾಜು ಪ್ರಕಟಣೆಯ ನೋಟಿಸ್ ಹೋದಾಗ ಮೂವತ್ತೆರಡನೆಯ ತಿಂಗಳು, ಬಾಕಿ ₹7,43,000. ಋಣಿ ಮೊದಲ ಬಾರಿಗೆ ತಾವಾಗಿ ಬಂದರು: ಈಗ ₹50,000, ಮುಂದೆ ತಿಂಗಳಿಗೆ ₹15,000, ಜಪ್ತಿ ತೆಗೆಯಬೇಕು. ಕೇಳಲು ಸಮಾಧಾನದ ಮಾತು. ಲೆಕ್ಕ ಹಾಕಿದರೆ ಮುಗಿಯಲು ನಾಲ್ಕು ವರ್ಷಕ್ಕೂ ಹೆಚ್ಚು. ಡಿಕ್ರಿಯ ನಂತರದ ಕಂತಿಗೆ ಆದೇಶ 20ರ ನಿಯಮ 11(2)ರಂತೆ ಡಿಕ್ರಿದಾರರ ಒಪ್ಪಿಗೆ ಬೇಕೇ ಬೇಕು. ಹಾಗಾಗಿ ಷರತ್ತು ಹಾಕುವ ಬಲ ಶಿಕ್ಷಕಿಯ ಕಡೆ ಇತ್ತು.

ಕೊನೆಗೆ ಜಂಟಿ ಮೆಮೊದಲ್ಲಿ ಬರೆದದ್ದು ಹೀಗೆ. ಒಂದು ತಿಂಗಳಲ್ಲಿ ₹3,50,000 ಕೋರ್ಟಿಗೆ ಕಟ್ಟಬೇಕು. ಉಳಿದದ್ದು ಬಡ್ಡಿ ಸಮೇತ ಆರು ಮಾಸಿಕ ಕಂತು, ಎಲ್ಲವೂ ಬ್ಯಾಂಕಿನ ಮೂಲಕ, ನಗದು ಇಲ್ಲ. ಕೊನೆಯ ರೂಪಾಯಿ ಬರುವವರೆಗೆ ಜಪ್ತಿ ಹಾಗೆಯೇ ಇರಬೇಕು. ಒಂದು ಕಂತು ತಪ್ಪಿದರೂ ಹರಾಜು ನಿಂತಲ್ಲಿಂದ ಮುಂದುವರಿಯಬೇಕು, ಹೊಸ ಪ್ರಕಟಣೆಯ ಹಕ್ಕನ್ನು ಋಣಿ ಬಿಟ್ಟುಕೊಟ್ಟಿದ್ದಾರೆ. ಈ ಕೊನೆಯ ಸಾಲು ಮುಖ್ಯ. ಹರಾಜು 30 ದಿನಕ್ಕಿಂತ ಹೆಚ್ಚು ಮುಂದೆ ಹೋದರೆ ನಿಯಮ 69ರಂತೆ ಮತ್ತೆ ಪ್ರಕಟಣೆ ಹೊರಡಿಸಬೇಕು, ಋಣಿ ಬೇಡವೆಂದು ಒಪ್ಪಿದರೆ ಮಾತ್ರ ವಿನಾಯಿತಿ. ಈ ಸಾಲಿಲ್ಲದ ರಾಜಿ ಮೆಮೊಗಳಿಂದ ಡಿಕ್ರಿದಾರರು ಮತ್ತೆ ಆರಂಭಕ್ಕೆ ಬಂದು ನಿಲ್ಲುತ್ತಾರೆ.

₹3,50,000 ಬಂತು. ಬಡ್ಡಿ, ಖರ್ಚು ಎರಡೂ ತೀರಿ ಅಸಲು ₹3,96,500ಕ್ಕೆ ಇಳಿಯಿತು. ₹67,000ದ ಮೂರು ಕಂತು ಸರಿಯಾಗಿ ಬಂದವು, ನಾಲ್ಕನೆಯದು ತಪ್ಪಿತು. "ಇನ್ನೊಂದು ತಿಂಗಳು ನೋಡೋಣ" ಎನ್ನದೆ ಆ ವಾರವೇ ಹರಾಜು ಮುಂದುವರಿಸಲು ಅರ್ಜಿ ಹಾಕಿದರು. ಹರಾಜಿನ ದಿನ ಬಿಡ್ ಶುರುವಾಗುವ ಮುಂಚೆ ಋಣಿ ಉಳಿದ ಸುಮಾರು ₹2,03,500 ಮತ್ತು ಹರಾಜಿನ ಖರ್ಚನ್ನು ಕೋರ್ಟಿಗೆ ಕಟ್ಟಿದರು. ಕೊನೆಯ ಕೂಗಿಗೆ ಮುಂಚೆ ಪೂರ್ತಿ ಕಟ್ಟಿದರೆ ಹರಾಜು ನಿಲ್ಲಿಸಬೇಕೆಂಬುದು ನಿಯಮ.

ಫಲಿತಾಂಶದಿಂದ ತಿಳಿಯುವುದು

ಡಿಕ್ರಿಯಾಗಿ 39 ತಿಂಗಳಿಗೆ, ಎರಡನೆಯ ಅರ್ಜಿಯಿಂದ 19 ತಿಂಗಳಿಗೆ ಒಟ್ಟು ಸುಮಾರು ₹9,90,500 ವಸೂಲಾಯಿತು. ಅಮಲ್ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು, ಮೀರಿದರೆ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2021ರ ರಾಹುಲ್ ಎಸ್. ಷಾ ಪ್ರಕರಣದಲ್ಲಿ ನಿರ್ದೇಶಿಸಿದೆ. ತಾರೀಖು ದೂರ ಹೋದಾಗಲೆಲ್ಲ ಇದನ್ನು ಉಲ್ಲೇಖಿಸಿ ಮೆಮೊ ಹಾಕಿದ್ದರಿಂದ ಎರಡು ಮೂರು ಮುಂದೂಡಿಕೆ ತಪ್ಪಿತು. ಆದರೂ ತಡದ ದೊಡ್ಡ ಪಾಲು ಕೋರ್ಟಿನದಲ್ಲ. ಕಾದು ಕುಳಿತದ್ದು, ಬಂಧನದ ಅರ್ಜಿ, ತಪ್ಪು ಚಕ್ಕುಬಂದಿ, ಈ ಮೂರರಲ್ಲೇ ಒಂದೂವರೆ ವರ್ಷಕ್ಕೂ ಹೆಚ್ಚು ಹೋಯಿತು.

ದಾವೆಯ ಹಂತದಲ್ಲೇ ಮಾಡಬಹುದಾಗಿದ್ದ ಕೆಲಸವೊಂದಿತ್ತು. ಪ್ರತಿವಾದಿ ಆಸ್ತಿ ಸಾಗಿಸಲು ಹೊರಟಿದ್ದಾರೆಂಬ ನಿರ್ದಿಷ್ಟ ಆಧಾರವಿದ್ದರೆ ಆದೇಶ 38ರ ನಿಯಮ 5ರಡಿ ತೀರ್ಪಿಗೆ ಮುಂಚಿನ ಜಪ್ತಿ ಕೇಳಬಹುದು. ಆಮೇಲೆ ಡಿಕ್ರಿಯಾದರೆ ಮತ್ತೆ ಜಪ್ತಿ ಬೇಕಾಗುವುದಿಲ್ಲ. ದಾವೆ ನಡೆಯುವಾಗ ಆರು ತಿಂಗಳಿಗೊಮ್ಮೆ ಇ.ಸಿ. ತೆಗೆಸಿದ್ದರೆ ದಾನಪತ್ರ ಆಗಲೇ ಕಣ್ಣಿಗೆ ಬೀಳುತ್ತಿತ್ತು.

ಋಣಿ ಸಂಬಳದಾರರಾಗಿದ್ದರೆ ದಾರಿಯೇ ಬೇರೆ. ಕಲಂ 60ರಂತೆ ಸಂಬಳದಲ್ಲಿ ಮೊದಲ ₹1,000 ಮತ್ತು ಉಳಿದುದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ₹25,000 ಸಂಬಳದಲ್ಲಿ ₹8,000 ಸಿಗುತ್ತದೆ, ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಅಂದರೆ ₹1,92,000. ದೊಡ್ಡ ಡಿಕ್ರಿಗೆ ಸಂಬಳವೊಂದನ್ನೇ ನಂಬುವಂತಿಲ್ಲ. ಕೃಷಿಕರ ವಾಸದ ಮನೆ, ಉಳುಮೆಯ ಸಲಕರಣೆ, ಸರ್ಕಾರಿ ಪಿಂಚಣಿ, ಭವಿಷ್ಯನಿಧಿ ಇವೂ ಜಪ್ತಿಗೆ ಸಿಗುವುದಿಲ್ಲ.

ಹಣ ಪೂರ್ತಿ ಕೋರ್ಟಿಗೆ ಬಂದ ಮೇಲೂ ಕೆಲಸ ಉಳಿದಿತ್ತು. ಠೇವಣಿ ಹಣ ಪಡೆಯಲು ಶಿಕ್ಷಕಿ ಗುರುತಿನ ಚೀಟಿ, ಪಾಸ್‌ಬುಕ್ ಮೊದಲ ಪುಟದ ಪ್ರತಿಯೊಂದಿಗೆ ಅರ್ಜಿ ಹಾಕಿದರು. ಡಿಕ್ರಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಬ್ಯಾಂಕಿನಲ್ಲಿ ಹೆಸರಿನ ಹಿಂದೆ ಇದ್ದುದರಿಂದ ಎರಡೂ ಒಬ್ಬರೇ ಎಂಬ ಪ್ರಮಾಣಪತ್ರ ಕೊಡಬೇಕಾಯಿತು. ಹಣ ಖಾತೆಗೆ ಜಮೆಯಾದದ್ದನ್ನು ನೋಡಿಕೊಂಡ ಮೇಲೆಯೇ ಪೂರ್ಣ ಪಾವತಿಯ ಮೆಮೊ ಸಲ್ಲಿಸಿದರು. ಆ ಮೆಮೊದ ಆಧಾರದ ಮೇಲೆ ಮಳಿಗೆಯ ಜಪ್ತಿ ತೆರವಾಗಿ, ಅದರ ಪ್ರತಿಯನ್ನು ಹಿಂದೆ ಜಪ್ತಿ ಆಜ್ಞೆ ಕೊಟ್ಟಿದ್ದ ಎರಡೂ ಕಚೇರಿಗೆ ತಲುಪಿಸಲಾಯಿತು.